ಗೌಡರ ಕಣಕ್ಕೆ ಬಂದ ಮನೆ

ಟಪ್ ಎಂದಿತು. ಎಳ್ಳಿನ ಕಾಳೊಂದು ಕಾಗದದ ಮೇಲೆ ಬಿದ್ದರೆ ಆಗುವಷ್ಟೇ ಸದ್ದು. ಚಾವಡಿಯಲ್ಲಿ ನಕ್ಷೆಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದ ನನಗೆ ಅಷ್ಟಕ್ಕೇ ಎಚ್ಚರವಾಯಿತು. ಬೇರೆಯವರಾಗಿದ್ದರೆ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದರು. ನಾನು ಎದ್ದು ಕುಳಿತೆ. ಬಾಗಿಲ ಅಗಳಿ ಮುಟ್ಟಿ ನೋಡಿದೆ, ಕೊಡದ ಮುಚ್ಚಳ ಸರಿಯಾಗಿದೆಯೇ ನೋಡಿದೆ, ಕಂದೀಲಿನ ಬತ್ತಿ ಏರಿಸಿ ತೊಲೆಗಳನ್ನೆಲ್ಲ ನೋಡಿದೆ. ನಕ್ಷೆಯ ಚೌಕಟ್ಟಿನ ಮೇಲಂಚಿನಿಂದ ಒಂದು ಹಲ್ಲಿ ಹೊರಬಂದು ಗೋಡೆ ಹತ್ತಿ ಹೋಯಿತು. ಸದ್ಯ, ಹಲ್ಲಿ ತಾನೆ ಎಂದು ಮತ್ತೆ ಮಲಗಿದೆ. ಎಲ್ಲವನ್ನೂ ನೋಡಿದ ನಾನು ನಕ್ಷೆಯೊಂದನ್ನು ಬಿಟ್ಟಿದ್ದೆ. ಅದನ್ನು ಕಾಯುವುದೇ ನನ್ನ ಕೆಲಸ.

ಇನ್ನೂ ನಸುಕಿತ್ತು, ದ್ಯಾಮವ್ವ ಬಾಗಿಲು ಬಡಿದಳು. ದಿನವೂ ಎಲ್ಲರಿಗಿಂತ ಮೊದಲು ಎಮ್ಮೆ ಹೊಡೆದುಕೊಂಡು ಹೊಳೆಗೆ ಹೋಗುವವಳು ಅವಳು.

"ನೀಲವ್ವಾ, ಏಳವ್ವಾ! ಮನಿ ಬಂದೈತಿ!"

"ಯಾರ ಮನಿಗೆ ಯಾರು ಬಂದಾರ?"

"ಯಾರೂ ಬಂದಿಲ್ಲ. ಮನೀನ ಬಂದೈತಿ. ಗೌಡ್ರ ಕಣದಾಗ. ಒಂದ ಖೋಲಿ, ಒಂದ ಬಾಗಿಲಾ. ನನ್ನ ಎಮ್ಮಿ ಹಾದ್ಯಾಗ ನಿಂತು ಅದನ್ನ ನೋಡಾಕತ್ತೈತಿ, ಹೊಡದ್ರೂ ಮುಂದ ಹೋಗವಲ್ದು."

ನಾನು ಕಂದೀಲು ಎತ್ತಿ ನಕ್ಷೆಗೆ ಹಿಡಿದೆ. ಹೊಳೆಯ ಎರಡು ನೀಲಿ ಗೆರೆ, ಅದರ ಎರಡೂ ಕಡೆ ಗುಡ್ಡ ಏರುತ್ತ ಹೋಗುವ ಕಂದು ಗೆರೆಗಳು, ಹುಣಿಸೆಮರ, ಸುಡುಗಾಡು, ಹೊಳೆ ದಾಟುವ ಕಾಲುದಾರಿ, ಮನೆಗಳ ಕಪ್ಪು ಚೌಕಗಳು, ಎಲ್ಲ ಅಲ್ಲಲ್ಲೇ ಇದ್ದವು. ಗೌಡರ ಕಣದ ಖಾಲಿ ಜಾಗದಲ್ಲಿ, ಗಾಜಿನ ಒಳಗೆ, ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆಯೊಂದಿತ್ತು. ಅದರ ಒಂದು ತುದಿ ಬೆಳ್ಳಗಿತ್ತು.

ನೂರು ಚಿಲ್ಲರೆ ವರ್ಷದ ಹಿಂದೆ ಒಬ್ಬ ಸರ್ವೆ ಸಾಹೇಬ ಮೂರು ವಾರ ಇಲ್ಲಿ ಡೇರೆ ಹಾಕಿ ಈ ನಕ್ಷೆ ಬರೆದನಂತೆ. ಅವನು ಬರೆದದ್ದು ಇದೆ, ಬರೆಯದ್ದು ಇಲ್ಲ. ಅವನು ಹೊಳೆಗೆ ಸೇತುವೆ ಬರೆಯಲಿಲ್ಲ. ಊರವರು ಮೂರು ಸಲ ಸೇತುವೆ ಕಟ್ಟಿದರು. ಮೂರು ಸಲವೂ ಬೆಳಿಗ್ಗೆ ಎದ್ದು ನೋಡಿದರೆ ಕಲ್ಲುಗಳು ದಡದ ಮೇಲೆ, ಗಾತ್ರದ ಪ್ರಕಾರ, ಓರಣವಾಗಿ ಪೇರಿಸಿದ್ದವು. ಮನೆಗಳೆಲ್ಲ ಒಂದೇ ಅಂತಸ್ತು, ಹೆಂಚಿನ ಮಾಡು ಎಂದು ಅವನು ಅಂಚಿನಲ್ಲಿ ಸಣ್ಣಗೆ ಬರೆದಿಟ್ಟ. ಹಾಗಾಗಿ ಮಹಡಿ ಏರಿಸಿದವರ ಇಟ್ಟಿಗೆಯೂ ಅಂಗಳಕ್ಕೆ ಇಳಿದು ಪೇರಿಸಿಕೊಂಡು ಕೂರುತ್ತದೆ. ನಲವತ್ಮೂರು ಚೌಕಗಳಿದ್ದವು, ಒಂದನ್ನು ಹುಳ ತಿಂದಿತು. ಆ ಮನೆಯವರು ಬೆಳಿಗ್ಗೆ ಬಯಲಲ್ಲಿ ಕಣ್ಣು ಬಿಟ್ಟರು. ಮೈಮೇಲೆ ಕೌದಿ ಹಾಗೇ ಇತ್ತು, ಪಾತ್ರೆಗಳು ತಲೆದೆಸೆಯಲ್ಲಿ ಒಂದರೊಳಗೊಂದು ಕೂತಿದ್ದವು. ಅವರು ಊರು ಬಿಟ್ಟರು. ಆಮೇಲೆ ನಕ್ಷೆಗೆ ಗಾಜು ಬಂತು, ಅದನ್ನು ಕಾಯಲು ಒಂದು ಕೆಲಸ ಹುಟ್ಟಿತು. ಈಗ ಅದು ನನ್ನದು. ಕಾಲೇಜು ಓದಿದವಳು, ಕೈ ನಡುಗುವುದಿಲ್ಲ ಎಂದು ಕೊಟ್ಟರು. ಕೈ ನಡುಗುವುದಿಲ್ಲ, ನಿಜ. ಉಳಿದದ್ದೆಲ್ಲ ನಡುಗುತ್ತದೆ, ಅದು ಹೊರಗೆ ಕಾಣುವುದಿಲ್ಲ.

ಇದ್ದ ನಲವತ್ತೆರಡು ಮನೆಗಳಲ್ಲಿ ಊರೇ ಹಿಡಿಯಬೇಕು. ಅರ್ಧ ಮನೆ, ಕಾಲು ಮನೆ, ಅರೆಪಾಲು ಪಡಸಾಲೆ ಎಂದು ಹಂಚಿಕೊಂಡು, ಗೋಡೆಯೊಳಗೆ ಗೋಡೆ ಹಾಕಿಕೊಂಡು ಬದುಕುತ್ತೇವೆ. ಮದುವೆಗಳು ನಿಲ್ಲುವುದಿಲ್ಲವಲ್ಲ. ಮದುವೆಯಾಗುತ್ತದೆ, ಅಕ್ಕಿಕಾಳು ಬೀಳುತ್ತದೆ, ಊಟವಾಗುತ್ತದೆ, ಗಂಡ ಅವನ ಮನೆಗೆ, ಹೆಂಡತಿ ತನ್ನ ತವರಿಗೆ ಹೋಗುತ್ತಾರೆ. ಯಾರ ಮನೆಯಲ್ಲಾದರೂ ಒಂದು ಮೂಲೆ ಖಾಲಿಯಾಗುವವರೆಗೆ ಪಾಳಿ. ಪಾಳಿಯ ಪಟ್ಟಿ ಚಾವಡಿಯ ಬಾಗಿಲ ಹಿಂದೆ ಅಂಟಿಸಿದೆ. ಮೊದಲನೆಯ ಹೆಸರು ದ್ಯಾಮವ್ವನದು, ಹದಿನಾಲ್ಕು ವರ್ಷವಾಯಿತು. ಆರನೆಯದು ನನ್ನದು, ಏಳು ವರ್ಷ. ಊರು ಬಿಡಬಹುದಲ್ಲ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಅವರಿಗೆ ನಾವು ಚಹಾ ಕೊಟ್ಟು ಕಳಿಸುತ್ತೇವೆ. ಹೊಲ ಇಲ್ಲಿದೆ, ಹೊಳೆ ಇಲ್ಲಿದೆ, ಅವರಿಗೇನು ಗೊತ್ತು.

ನನ್ನ ಗಂಡ ಗುರುಸಿದ್ಧಪ್ಪ ಆಚೆ ದಡದವರು. ನಾಲ್ವರು ಅಣ್ಣತಮ್ಮಂದಿರ ಮನೆಯಲ್ಲಿ ಅವರ ಪಾಲಿಗೆ ಬಂದದ್ದು ದನದ ಕೊಟ್ಟಿಗೆಯ ಒಂದು ಬದಿ. ಈಚೆ ದಡದಲ್ಲಿ ಅಣ್ಣ, ವೈನಿ, ಅವರ ಮೂವರು ಹೆಣ್ಣುಮಕ್ಕಳ ನಡುವೆ ಎರಡು ಖೋಲಿಯಲ್ಲಿ ನನ್ನ ಚಾಪೆಗೆ ಜಾಗ ಸಾಲದೆ ನಾನು ಚಾವಡಿಗೆ ಬಂದೆ. ಸಂಜೆ ಹೊತ್ತು ನಾವಿಬ್ಬರೂ ಹೊಳೆಯಲ್ಲಿ ಭೇಟಿಯಾಗುತ್ತೇವೆ. ಹೊಳೆಯಲ್ಲಿ ಎಂದರೆ ನೀರಿನಲ್ಲಿ. ನಾನು ಆಚೆ ದಡ ಹತ್ತಿದರೆ ಅತ್ತೆಮನೆಯ ಹೊಸ್ತಿಲು ತುಳಿಯದೆ ತಿರುಗಿದಳು ಎಂಬ ಮಾತು ಬರುತ್ತದೆ. ಅವರು ಈಚೆ ದಡ ಹತ್ತಿದರೆ ಅಳಿಯ ಬಂದನೆಂದು ವೈನಿ ಕಡಬು ಮಾಡಬೇಕು, ಮಾಡಿದ ಕಡಬಿನ ಬಗ್ಗೆ ಆಮೇಲೆ ಎಂಟು ದಿನ ಮಾತಾಡಬೇಕು. ಅದಕ್ಕೇ ನಡುಹೊಳೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಏಳು ವರ್ಷ ಮಾಡಿದ ಸಂಸಾರ ನಮ್ಮದು. ಮೀನು ಕಚ್ಚಿದರೆ ಮಾತು ಮುಗಿಯಿತೆಂದು ಲೆಕ್ಕ.

ಬೇಕೆಂದೇ ನಕ್ಷೆಯ ಮೇಲೆ ಇಟ್ಟ ಚುಕ್ಕೆ ಬೆಳಿಗ್ಗೆಗೆ ಇರುವುದಿಲ್ಲ. ಎಷ್ಟು ಸಣ್ಣ ಮೊನೆಯ ಲೇಖನಿ ತಂದರೂ ಇರುವುದಿಲ್ಲ. ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಆದರೆ ತಾನಾಗಿ ಬಿದ್ದದ್ದು? ಅದರ ಬಗ್ಗೆ ಊರಿನಲ್ಲಿ ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಹೊತ್ತೇರುವುದರೊಳಗೆ ಊರಿಗೆ ಊರೇ ಕಣದಲ್ಲಿ ನೆರೆದಿತ್ತು. ನಾನೂ ಹೋದೆ. ಕರಿಕಲ್ಲಿನ ಮನೆ, ಗೋಡೆಗಳು ಸೇರುವ ಮೂಲೆಗಳು ಸ್ವಲ್ಪ ದುಂಡಗೆ, ಒಂದು ಬದಿಯ ಗೋಡೆ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ. ಜನ ಬಗ್ಗಿ ಒಳಗೆ ಹೋಗುತ್ತಿದ್ದರು, ಹೆಜ್ಜೆ ಹಾಕಿ ಅಳೆಯುತ್ತಿದ್ದರು, ಹೊರಗೆ ಬಂದು ಜಗಳವಾಡುತ್ತಿದ್ದರು. ಪಾಳಿಯಲ್ಲಿ ಇಲ್ಲದವರೇ ಹೆಚ್ಚು ಅಳೆಯುತ್ತಿದ್ದರು. ದ್ಯಾಮವ್ವ ಆಗಲೇ ಹೊಸ್ತಿಲಿಗೆ ಸಗಣಿ ಸಾರಿಸಿ, ಯಾರು ತುಳಿದರೂ ಬೈಯುತ್ತ ಬಾಗಿಲಲ್ಲಿ ಕೂತಿದ್ದಳು.

ವೈನಿ ನನ್ನ ಮೊಣಕೈ ಹಿಡಿದಳು. "ನಿನ್ನ ಪಾಳಿ ಎಷ್ಟನೇದು?"

"ಆರನೇದು, ವೈನಿ. ಬಾಗಿಲ ಹಿಂದ ಬರದೈತಿ, ನಿಮಗೂ ಗೊತ್ತೈತಿ."

"ಬರದಾಕಿ ನೀನ ಅಲ್ಲೇನು? ನಾಕನೇದು ಅಂತ ಬರದಿದ್ರ ಕೈ ಸವೀತಿತ್ತೇನು?" ಎಂದಳು. ಅವಳಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಚಾವಡಿಯಲ್ಲಿಟ್ಟ ನನ್ನ ಟ್ರಂಕಿನ ಮೇಲೆ ಅವಳ ಕಣ್ಣಿದೆ. ನನಗೆ ಮನೆಯಾದರೆ ಟ್ರಂಕು ಅವಳ ಹಿರಿಮಗಳಿಗೆ.

ಅಷ್ಟರಲ್ಲಿ ವಿರೂಪಾಕ್ಷಗೌಡರು ಬಂದರು. ಅವರು ಬಂದರೆಂದರೆ ಮೊದಲು ಕೆಮ್ಮು ಬರುತ್ತದೆ, ಆಮೇಲೆ ಕೋಲು, ಆಮೇಲೆ ಅವರು. ಕಣ ಅವರದು. ಜೋಳದ ರಾಶಿ ಹಾಕುವ ದಿನ ಹತ್ತಿರವಾಗಿತ್ತು, ಸರಿಯಾಗಿ ಎತ್ತು ತಿರುಗುವ ಜಾಗದಲ್ಲಿ ಮನೆ ಕೂತಿತ್ತು. ಅವರು ಮನೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಏನಿದು, ಓದಿದಾಕಿ?"

"ಮನಿರೀ."

"ಮನಿ ಅಂತ ಎಮ್ಮಿಗೂ ಗೊತ್ತೈತಿ. ನೂರು ವರ್ಷ ಇಲ್ದದ್ದು ರಾತ್ರೋರಾತ್ರಿ ಎಲ್ಲಿಂದ ಬಂತು ಅಂತ ಕೇಳಾಕತ್ತೀನಿ. ನಕಾಶಿ ಮ್ಯಾಲ ಏನು ಬಿದ್ದೈತಿ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಮಾತನ್ನು ತೂಗಿ ಆಡುವುದು ಬರುತ್ತದೆ, ಅದಕ್ಕೆ ಸಮಯ ಬೇಕು. ಗೌಡರು ಸಮಯ ಕೊಡುವವರಲ್ಲ.

"ಒಂದು ಚುಕ್ಕಿ ಐತ್ರಿ," ಎಂದೆ.

"ಎಂಥಾ ಚುಕ್ಕಿ?"

"ಸಣ್ಣದು. ಒಂದ ತುದಿ ಬೆಳ್ಳಗ."

ಎಲ್ಲರ ಮನೆಯಲ್ಲೂ ಹಲ್ಲಿಗಳಿವೆ. ಎಲ್ಲರೂ ದಿನಾ ಬೆಳಿಗ್ಗೆ ಕಸ ಗುಡಿಸುತ್ತಾರೆ.

ಗೌಡರು ನಕ್ಕರು. ನಗು ಮುಗಿಯುವವರೆಗೆ ಕೋಲಿನ ಮೇಲೆ ಬಗ್ಗಿ ನಿಂತರು. "ಹಲ್ಲಿ ಹಿಕ್ಕಿ! ಕೇಳಿದ್ರೇನ್ರೋ? ಹಲ್ಲಿ ಹಿಕ್ಕೀಗೆ ಪಾಳಿ ಹಚ್ಚೀರಿ! ಸಾಹೇಬನ ಕೈಯಾಗಿನ ಶಾಯೀಲೆ ಹುಟ್ಟಿದ ಮನಿ ನಮ್ಮುವು. ಇದೇನಿದು, ಹೊಲಸು. ನಾಳೆ ಮಧ್ಯಾಹ್ನ ಐದು ಮಂದಿ ಎದುರಿಗೆ ಗಾಜು ತಗದು ಒರಸು. ಆಗಂಗಿಲ್ಲ ಅಂದ್ರ ಹೇಳು, ಒರಸಾಕ ಬರೋರು ಊರಾಗ ಭಾಳ ಮಂದಿ ಅದಾರ."

ಸಗಣಿ ಸಾರಿಸಿದ ಹೊಸ್ತಿಲಿನಿಂದ ದ್ಯಾಮವ್ವ ಎದ್ದು ನಿಂತಳು. ಸೀರೆ ಕೊಡವಿಕೊಂಡಳು. "ಹದಿನಾಕು ವರ್ಷ ಕಾದೀನವ್ವ," ಎಂದಳು, ಯಾರಿಗೂ ಅಲ್ಲದಂತೆ. "ಹಲ್ಲಿ ಹಿಕ್ಕಿಯೊಳಗ ಮಲಗಾಕಂತ ಕಾದಿಲ್ಲ. ಉದುರಿ ಬಿದ್ರ ಬಯಲಾಗ ಹೊದ್ದುಕೊಂಡು ಏಳಬೇಕು, ಊರು ಬಿಡಬೇಕು. ನಾ ಒಲ್ಲೆ." ಅವಳ ಹಿಂದೆಯೇ ಪಾಳಿಯ ಎರಡನೆಯವರು, ಮೂರನೆಯವರು, ನಾಲ್ಕನೆಯವರು, ಐದನೆಯವರು, ಒಬ್ಬೊಬ್ಬರಾಗಿ ತಮಗೂ ಬೇಡವೆಂದರು. ಬೆಳಿಗ್ಗೆ ಆ ಗೋಡೆಗೆ ಕೆನ್ನೆ ಒತ್ತಿ ತಂಪು ನೋಡಿದವರೇ ಈಗ ಮೂಗು ಮುಚ್ಚಿಕೊಂಡು ನಡೆದರು. ಒಂದು ತಾಸಿನ ಹಿಂದೆ ಅದೇ ಕಲ್ಲು, ಅದೇ ಹೆಂಚು. ನನಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಸಂಜೆ ಹೊಳೆಗಿಳಿದೆ. ಗುರುಸಿದ್ಧಪ್ಪ ಆಗಲೇ ನೀರಿನಲ್ಲಿ ನಿಂತಿದ್ದರು, ಧೋತರ ಎತ್ತಿ ಕಟ್ಟಿಕೊಂಡು.

"ಮನಿ ಬಂತಂತಲ್ಲ," ಎಂದರು. "ನಾ ಹೇಳಿರಲಿಲ್ಲ, ಆಗತೈತಿ ಅಂತ?"

ಏಳು ವರ್ಷದಿಂದ ಇದೊಂದೇ ಮಾತು. ಆಗತೈತಿ ಬಿಡು. ಅವರು ಅದನ್ನು ಹೇಳುವ ತಣ್ಣಗಿನ ರೀತಿಗೆ ನನಗೆ ಎಷ್ಟೋ ಸಲ ಅವರನ್ನು ನೀರಿಗೆ ದೂಡಬೇಕೆನಿಸಿದೆ.

"ನಾಳೆ ಅದನ್ನ ಒರಸಬೇಕಂತ," ಎಂದೆ.

"ಒರಸಬ್ಯಾಡ."

"ಒರಸಲಿಲ್ಲ ಅಂದ್ರ ಕೆಲಸ ಹೋಗತೈತಿ. ಬ್ಯಾರೇದವ್ರು ಬಂದು ಒರಸ್ತಾರ."

"ಹಂಗಾರ ಒರಸು."

ನಾನು ಬೊಗಸೆ ತುಂಬ ನೀರೆತ್ತಿ ಅವರ ಎದೆಗೆ ಎರಚಿದೆ. ಅವರು ಒರೆಸಿಕೊಳ್ಳಲಿಲ್ಲ.

"ಎತ್ತಿನ ಬಾಜೂಕ ಮಲಗ್ತೀನಿ, ನೀಲಾ," ಎಂದರು. "ಅದು ಮಗ್ಗಲು ಬದಲಿಸಿದ್ರ ನಾನೂ ಬದಲಸ್ತೀನಿ. ಮೊನ್ನೆ ಅವ್ವ ರೊಟ್ಟಿ ತಿನ್ನಾಕ ಕರದ್ರ, ನನ್ನ ಬಾಯಿಂದ ಹೂಂ ಅಂತ ಬರಲಿಲ್ಲ. ಅಂಬಾ ಅನ್ನೂದು ಒಂದ ಬಾಕಿ ಇತ್ತು." ನಗುವವರಂತೆ ಹೇಳಿದರು, ನಗಲಿಲ್ಲ. "ಬ್ಯಾಸರ ಆಗೇತಿ." ಏಳು ವರ್ಷದಲ್ಲಿ ಮೊದಲ ಸಲ ಅವರು ಆಗತೈತಿ ಎನ್ನದೆ ಮಾತು ಮುಗಿಸಿದರು. ನನಗೆ ಮೀನು ಕಚ್ಚಿದ್ದೂ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಗೌಡರು, ಅಣ್ಣ, ದ್ಯಾಮವ್ವ, ಇನ್ನಿಬ್ಬರು ಹಿರಿಯರು ಚಾವಡಿಯಲ್ಲಿ ಕೂತರು. ನಕ್ಷೆಯನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದೆವು, ಗಾಜು ತೆಗೆದೆವು. ಉಸಿರು ತಾಗಿ ಕಾಗದ ಮೆತ್ತಗಾದೀತೆಂದು ನಕ್ಷೆಯ ಮೇಲೆ ಬಗ್ಗುವವರು ಬಾಯಿಗೆ ಬಟ್ಟೆ ಕಟ್ಟಬೇಕು, ಉಳಿದವರು ನಾಲ್ಕು ಹೆಜ್ಜೆ ದೂರ ಇರಬೇಕು. ಬಗ್ಗುವುದು ಕಾಯುವವರು ಮಾತ್ರ. ಬಟ್ಟೆ ಕಟ್ಟಿಕೊಂಡೆ. ಎರಡು ಕಡ್ಡಿಗೆ ಹತ್ತಿ ಸುತ್ತಿ, ಒಂದನ್ನು ನೀರಿನಲ್ಲಿ ತೋಯಿಸಿ ಹಿಂಡಿ, ಇನ್ನೊಂದನ್ನು ಒಣಗಿದ್ದಂತೆಯೇ ಎಡಗೈಯಲ್ಲಿ ಹಿಡಿದೆ. ಭೂತಗನ್ನಡಿ ತೆಗೆದುಕೊಂಡು ಬಗ್ಗಿದೆ.

ಅನುಮಾನವೇ ಇರಲಿಲ್ಲ. ಹಲ್ಲಿಯದೇ. ಬಾಗಿ ಬಿದ್ದ ಆಕಾರ, ಕಾಗದಕ್ಕೆ ಅಂಟಿ ಒಣಗಿದ ಅಂಚು, ತುದಿಗೆ ಸುಣ್ಣದ ಚೂರಿನಂಥ ಬಿಳುಪು. ಹಸಿ ಹತ್ತಿ ಒಮ್ಮೆ ಮುಟ್ಟಿಸಿದರೆ ಸಾಕಿತ್ತು. ಕೊಟ್ಟಿಗೆಯ ಎತ್ತು ನೆನಪಾಯಿತು. ನನ್ನ ಕೈ ಮುಂದೆ ಹೋಗಲಿಲ್ಲ. ಸಾಹೇಬನ ಶಾಯಿ ಹೇಗಿರುತ್ತದೆ ಎಂದು ಹೋಲಿಸಿ ನೋಡುವ ನೆವದಲ್ಲಿ ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದೆ.

ನಮ್ಮ ಅಣ್ಣನ ಮನೆಯ ಚೌಕ ಬಂತು. ಅಡ್ಡಪಟ್ಟಿ ಇಟ್ಟು ಎಳೆದ ನಾಲ್ಕು ಬದಿ, ಒಳಗೆ ಕೂದಲೆಳೆಯಂಥ ಗೀರುಗಳು. ದ್ಯಾಮವ್ವನ ತವರಿನದೂ ಹಾಗೆಯೇ. ಒಂದೊಂದರಲ್ಲೂ ಆ ಗೀರುಗಳಿದ್ದವು. ಊರ ನಡುವಿನ ಗೌಡರ ಮನೆಗೆ ಬಂದೆ. ಗೀರುಗಳಿರಲಿಲ್ಲ. ಅಡ್ಡಪಟ್ಟಿಯ ಬದಿಗಳೂ ಇರಲಿಲ್ಲ. ದುಂಡನೆಯ ಕಪ್ಪು ಮುದ್ದೆ, ಹಳತಾಗಿ ಹೊಳಪು ಕಳೆದುಕೊಂಡದ್ದು, ಹೊಳೆಯ ಕಡೆಗಿನ ತುದಿ ಬೆಳ್ಳಗೆ. ಆ ಮನೆಯ ಬೆಳ್ಳಗಿನ ಮುಂಗೋಡೆಗೆ ಸುಣ್ಣ ಬಳಿದದ್ದನ್ನು ಊರಿನಲ್ಲಿ ಯಾರೂ ನೋಡಿಲ್ಲ. ನಮ್ಮ ಗ್ವಾಡಿಗೆ ಸುಣ್ಣಾನ ಬೇಕಾಗಂಗಿಲ್ಲ, ಮನೆತನದ ತೇಜ ಅದು ಎಂದು ಗೌಡರು ಹೇಳಿಕೊಳ್ಳುತ್ತಾರೆ.

ಮೊದಲು ನಗು ಬಂತು. ಬಾಯಿಗೆ ಬಟ್ಟೆ ಇದ್ದದ್ದು ಒಳ್ಳೆಯದಾಯಿತು. ಆಮೇಲೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಒಂದು ಸಲ ನೋಡಿದ್ದನ್ನು ಮೂರು ಸಲ ನೋಡುವವಳು ನಾನು, ಮುಟ್ಟದೆ ನಂಬುವವಳಲ್ಲ. ಹಸಿ ಹತ್ತಿಯ ಮೊನೆಯನ್ನು ಆ ಮುದ್ದೆಯ ಒಂದು ಮೂಲೆಗೆ, ಇರುವೆ ಕಾಲಿಟ್ಟಷ್ಟು ಮೆತ್ತಗೆ, ತಾಗಿಸಿದೆ. ತೆಗೆದು ನೋಡಿದೆ. ಹತ್ತಿಯ ತುದಿ ಕಂದಾಗಿತ್ತು.

"ಏನವ್ವಾ, ನಿದ್ದಿ ಹತ್ತೇತೇನು?" ಎಂದರು ಗೌಡರು ಹಿಂದಿನಿಂದ. "ಒರಸೋದಕ ಇಷ್ಟೊತ್ತೇನು? ಹಲ್ಲೀನ ಕರೀಲೇನು ನಿನ್ನ ಕೈ ಕೆಳಗ?"

ಹಿರಿಯರು ನಕ್ಕರು. ಅಣ್ಣನೂ ನಕ್ಕ. ಹಸಿ ಕಡ್ಡಿಯನ್ನು ಸೆರಗಿನ ಮಡಿಕೆಯೊಳಗೆ ಸೇರಿಸಿದೆ. ಒಣ ಕಡ್ಡಿಯನ್ನು ಬಲಗೈಗೆ ತಂದೆ. ಬಾಯಿಯ ಬಟ್ಟೆ ಬಿಚ್ಚಿ, ಕಡ್ಡಿಯನ್ನು ಅವರೆದುರು ಎತ್ತಿ ಹಿಡಿದೆ.

"ನೋಡ್ರಿ," ಎಂದೆ. "ಬೆಳ್ಳಗ ಐತಿ."

ಅಷ್ಟೇ ಹೇಳಿದ್ದು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಉಳಿದದ್ದನ್ನು ಅವರೇ ಮಾಡಿಕೊಂಡರು. ಹೊಲಸಾದರೆ ಹತ್ತಿಗೆ ಅಂಟುತ್ತದೆ, ಸಾಹೇಬನ ಶಾಯಿ ಅಂಟುವುದಿಲ್ಲ.

"ಶಾಯೀನ ಅಂತೀ ಹಂಗಾರ?" ದ್ಯಾಮವ್ವ ಕಣ್ಣರಳಿಸಿದಳು.

"ನಾ ಏನೂ ಅನ್ನಂಗಿಲ್ಲ. ಬೇಕಾದ್ರ ಹತ್ತಿ ನೋಡ್ರಿ."

ಗೌಡರ ನಗು ನಿಂತಿತು. ಸೋತದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ಅವರಿಗಿಲ್ಲ. ನಮ್ಮಲ್ಲಿ ಒಂದು ರೂಢಿಯಿದೆ. ಮನೆಯ ಮಾಡು ಇಳಿಸಿ ಏರಿಸಿದ ಮೇಲೆ ಕೆಲಸ ಮಾಡಿದ ಗೌಂಡಿಯೇ ಮೊದಲು ಅದರ ಕೆಳಗೆ ಮಲಗಿ ತೋರಿಸಬೇಕು. ಗೌಡರಿಗೆ ಅದು ಈಗ ನೆನಪಾಯಿತು.

"ಗಟ್ಟಿ ಐತಿ ಅಂದಾಕಿನ ಮಲಗಲಿ," ಎಂದು ಕೋಲು ಕುಟ್ಟಿದರು. "ಆಕಿ, ಆಕಿ ಗಂಡ. ಬಯಲಾಗ ಎದ್ರ ಆಕೀನ ಏಳತಾಳ. ಪಾಳಿಯಾಗ ಮುಂದಿದ್ದವ್ರು ಯಾರರೆ ಬ್ಯಾಡ ಅಂತೀರೇನು?"

ದ್ಯಾಮವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳು ಹೂಂ ಅಂದಿದ್ದರೆ ಮನೆ ಅವಳದು, ನಾನು ಎದುರು ಮಾತಾಡುತ್ತಿರಲಿಲ್ಲ. ಆ ಹೊತ್ತಿಗೆ ನನ್ನೊಳಗೆ ನಡುಗುವುದೆಲ್ಲ ನಡುಗಿತು. "ನಾ ಒಲ್ಲೆ ಅಂದ್ರ ಒಲ್ಲೆ," ಎಂದಳು ಕೊನೆಗೆ. "ಒಣ ಹತ್ತಿ ನೋಡಿ ಊರು ಬಿಡಾಕ ನಾ ಓದಿದಾಕಿ ಅಲ್ಲ."

ಆ ಹೆಂಗಸಿಗೆ ಎಲ್ಲ ಗೊತ್ತಾಗಿತ್ತೇ ಎಂದು ಇಂದಿಗೂ ಯೋಚಿಸುತ್ತೇನೆ.

ಸಂಜೆಗೆ ಗುರುಸಿದ್ಧಪ್ಪ ಹೊಳೆ ದಾಟಿ ಬಂದರು. ಒಂದು ಕಂಬಳಿ, ಒಂದು ತಂಬಿಗೆ, ಕೊಡಲಿ, ಇಷ್ಟೇ ಅವರ ಸಾಮಾನು. ದಡ ಹತ್ತುವಾಗ ಎರಡು ಸಲ ಹಿಂದೆ ತಿರುಗಿ ನೋಡಿದರು, ನಡುಹೊಳೆಯಲ್ಲಿ ಏನೋ ಬಿಟ್ಟು ಬಂದವರಂತೆ. ವೈನಿ ಕಡಬು ಕಟ್ಟಿಕೊಟ್ಟು, ಹೋಗುವಾಗ ಟ್ರಂಕಿನ ಬೀಗದ ಕೈ ಕೇಳಿ ಇಸಿದುಕೊಂಡಳು. ಮೊಣಕಾಲಿನವರೆಗೆ ನೀರಿದ್ದಾಗ ಸುಮ್ಮನೆ ನಿಲ್ಲುತ್ತಿದ್ದ ಗಂಡಸು ಒಣ ನೆಲದ ಮೇಲೆ ಒಂದು ಕಡೆ ಕೂರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಗೋಡೆ ಬಡಿದು ನೋಡಿದರು, ಹೆಂಚು ಎಣಿಸಿದರು, ಒದ್ದೆ ಧೋತರ ನನ್ನ ಚಾಪೆಯ ಮೇಲೆ ಹರವಿದರು. ಉಣ್ಣುವಾಗ ಮೂಗಿನಲ್ಲಿ ಹಾಡಿಕೊಳ್ಳುತ್ತಾರೆ. ಮಲಗಿದ ಮೇಲೆ ಎತ್ತಿನಂತೆಯೇ ಉಸಿರು ಬಿಡುತ್ತಾರೆ. ಹೇಳಿದೆ. "ಆಗತೈತಿ ಬಿಡು, ರೂಢಿ ಆಗತೈತಿ," ಎಂದರು.

ಬೆಳಗಾದಾಗ ಮೇಲೆ ಹೆಂಚು ಇತ್ತು. ನಾನು ಒಂದೊಂದನ್ನೂ ನೋಡುತ್ತ ಮಲಗಿದ್ದೆ. ಆಗ ಹೊರಗೆ ಕೆಮ್ಮು ಕೇಳಿಸಿತು.

ಗೌಡರು ಒಬ್ಬರೇ ಬಂದಿದ್ದರು. ಅವರ ಬೆನ್ನ ಹಿಂದೆ ಕಣದಾಚೆಗೆ ಅವರ ಮನೆ ಕಾಣುತ್ತಿತ್ತು. ಮುಂಗಟ್ಟೆಯ ಎಡಮೂಲೆ ಇರಲಿಲ್ಲ. ಮೊಳದಷ್ಟು ಜಾಗ ಕಚ್ಚಿ ತೆಗೆದಂತೆ ಹೋಗಿತ್ತು. ಅದರ ಕಲ್ಲುಗಳು ಅಂಗಳದಲ್ಲಿ, ದೊಡ್ಡದು ಕೆಳಗೆ ಸಣ್ಣದು ಮೇಲೆ, ಓರಣವಾಗಿ ಪೇರಿಸಿದ್ದವು. ಅವರು ಅದರ ಮೇಲೆ ಒಂದು ಗೋಣಿಚೀಲ ಮುಚ್ಚಿ ಬಂದಿದ್ದರು. ಚೀಲ ಸಾಲದೆ ಎರಡು ಕಲ್ಲು ಹೊರಗೆ ಕಾಣುತ್ತಿದ್ದವು.

"ಇಲಿ ಕೊರದಾವಂತ ಮನ್ಯಾಗ ಹೇಳೀನಿ," ಎಂದರು. ಧ್ವನಿ ಬಹಳ ಕೆಳಗಿತ್ತು. ಕೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ನೀಲಾತಾಯೀ, ನಿನ್ನೆ ನೀ ನಕಾಶಿ ನೋಡಿದೆಲ್ಲ. ನಮ್ಮ ಮನಿ... ನೆಟ್ಟಗ ಐತಿಲ್ಲವಾ?"

ಎಪ್ಪತ್ತು ವರ್ಷದ ಮನುಷ್ಯ ನನ್ನನ್ನು ತಾಯಿ ಎಂದಿದ್ದ. ಅವನ ಅಪ್ಪ, ಅವನು, ಅವನ ಮೂವರು ಮಕ್ಕಳು, ಅವರ ಮಕ್ಕಳು, ಹದಿನೇಳು ಜನ ಆ ಮುದ್ದೆಯೊಳಗೆ ಹುಟ್ಟಿದವರು. ಒಂದು ಮಾತು ಹೇಳಿದ್ದರೆ ಅವರಲ್ಲಿ ಯಾರೂ ಇನ್ನು ಮುಂದೆ ಕಣ್ಣು ಮುಚ್ಚುತ್ತಿರಲಿಲ್ಲ. ನಿನ್ನೆ ರಾತ್ರಿ ನಾನು ಮುಚ್ಚಲಿಲ್ಲವಲ್ಲ, ಅದು ಹೇಗಿರುತ್ತದೆಂದು ನನಗೆ ಗೊತ್ತು. ಆ ಮೂಲೆಯನ್ನು ತೆಗೆದವಳೂ ನಾನೇ.

"ಐತ್ರಿ, ಗೌಡ್ರ," ಎಂದೆ. "ಎಲ್ಲಾರ ಮನಿ ಹೆಂಗೈತೋ ನಿಮ್ಮ ಮನೀನೂ ಹಂಗ ಐತಿ."

"ಹಾಂ," ಎಂದು ಉಸಿರು ಬಿಟ್ಟರು. ಹೊರಟವರು ತಿರುಗಿದರು. "ನಾ ಬಂದು ಕೇಳಿದ್ದು ಯಾರ ಮುಂದೂ ಆಡಬ್ಯಾಡ."

"ಇಲ್ರಿ."

ಅವರು ಕಣ ದಾಟುವಾಗ, ಎತ್ತು ತಿರುಗಲು ಬೇಕಾದ ಜಾಗವನ್ನು ನನ್ನ ಮನೆಗೆ ಬಿಟ್ಟು, ಬಳಸಿ ನಡೆದರು.

ಒಳಗಿನಿಂದ ಗುರುಸಿದ್ಧಪ್ಪ ಕೂಗಿದರು. "ಯಾರು ಬಂದಿದ್ದು? ಏನಂತ?"

ಸೆರಗಿನ ಮಡಿಕೆಯಲ್ಲಿ ಕಡ್ಡಿ ಇನ್ನೂ ಇತ್ತು. ಒಲೆಯ ಮುಂದೆ ಕೂತು ಅದನ್ನು ಉರಿಗೆ ಹಾಕಿದೆ. ಹತ್ತಿ ಒಮ್ಮೆ ಭಗ್ಗೆಂದು ಹೊತ್ತಿ ಹೋಯಿತು. ಗಂಡನಿಗೆ ಹೇಳಿದರೆ ಆಗತೈತಿ ಬಿಡು ಎನ್ನುತ್ತಾರೆ. ಆಮೇಲೆ ಹೊಲದಲ್ಲಿ ಯಾರೋ ಕೇಳಿದರೆ ನಗುತ್ತ ಹೇಳಿಬಿಡುತ್ತಾರೆ. ಅವರಿಗೂ ಹೇಳಬಾರದು, ದ್ಯಾಮವ್ವನಿಗೂ ಹೇಳಬಾರದು, ಎಷ್ಟು ಸಿಟ್ಟು ಬಂದರೂ ಗೌಡರಿಗಂತೂ ಎಂದಿಗೂ ಹೇಳಬಾರದು ಎಂದು ಅಲ್ಲೇ ನಿರ್ಧರಿಸಿದೆ.

"ಯಾರಿಲ್ಲ," ಎಂದೆ. "ಧೋತರ ತಗೀರಿ ಮದ್ಲ, ಚಾಪಿ ಹಸಿ ಆಗೇತಿ."